ಮಡಿಕೆಯ ಅಂಚು

ದಾವಣಗೆರೆಯ ಚೌಕಿಪೇಟೆಗೆ ಹೆಂಡತಿಯ ಜೊತೆ ಸೀರೆ ತರಲು ಹೋದರೆ ನನ್ನ ಕೆಲಸ ಚೀಲ ಹಿಡಿದು ಗೋಡೆಗೆ ಒರಗುವುದು. ಮೊನ್ನೆ ಹಾಗೇ ಕೂತು ಸುಮ್ನೆ ಕಪಾಟು ನೋಡುತ್ತಿದ್ದೆ. ನೂರಾರು ಸೀರೆ, ಕಾಣುವುದು ಮಡಿಕೆಯ ಅಂಚು ಮಾತ್ರ. ಥೇಟ್ ನನ್ನ ಬ್ರೌಸರಿನ ಟ್ಯಾಬುಗಳು!

ಸೈಬರ್ ಕೆಫೆಯ ಕಾಲದಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 6ಕ್ಕೆ ಟ್ಯಾಬೇ ಇರಲಿಲ್ಲ. ಹತ್ತು ಪುಟ ತೆರೆದರೆ ಹತ್ತು ವಿಂಡೋ. ಹಬ್ಬದ ಹಿಂದಿನ ದಿನದ ಹುಬ್ಬಳ್ಳಿ ಬಸ್ಸಿನ ಹಾಗೆ ಕೆಳಗಿನ ಪಟ್ಟಿಯಲ್ಲಿ ಒತ್ತಿಕೊಂಡು ನಿಲ್ಲುತ್ತಿದ್ದವು. 2004ರಲ್ಲಿ ಫೈರ್‌ಫಾಕ್ಸ್ ನನಗೆ ಟ್ಯಾಬಿನ ರುಚಿ ಹತ್ತಿಸಿತು. 2006ರಲ್ಲಿ ಎಕ್ಸ್‌ಪ್ಲೋರರ್ 7ಕ್ಕೂ ಅದು ಬಂತು.

ಅಚ್ಚುಕಟ್ಟೇನೋ ಹೌದು. ಆದರೆ ನಾನು ಲೆಕ್ಕ ಬರೆಯುವವನು. ಬಿಲ್ಲು ಒಂದು ಟ್ಯಾಬಿನಲ್ಲಿ, ಜಿಎಸ್‌ಟಿ ಪುಟ ಇನ್ನೊಂದರಲ್ಲಿ. ಅಲ್ಲಿಯ ಮೊತ್ತವನ್ನು ಬಾಯಲ್ಲಿ ಹೇಳಿಕೊಳ್ಳುತ್ತಾ ಇಲ್ಲಿಗೆ ಬರುವಷ್ಟರಲ್ಲಿ 18,450 ಹೋಗಿ 18,540 ಆಗಿರುತ್ತದೆ. ಸಂಜೆ ಲೆಕ್ಕ ಕೂಡಿದರೆ 90 ರೂಪಾಯಿ ವ್ಯತ್ಯಾಸ. ವ್ಯತ್ಯಾಸ 9ರಿಂದ ಸರಿಯಾಗಿ ಭಾಗವಾದರೆ ಅಕ್ಕಪಕ್ಕದ ಅಂಕಿ ಅದಲುಬದಲಾಗಿರಬೇಕು ಎಂದು ನಮ್ಮ ಕಸುಬಿನವರು ಮೊದಲು ಹುಡುಕುವುದೇ ಅದನ್ನು. ನನ್ನ ಪುಸ್ತಕದಲ್ಲಿ ಇಂಥ 9ರ ಲೆಕ್ಕ ಜಾಸ್ತಿ. ಟ್ಯಾಬ್ ಪರದೆಯ ಜಾಗ ಉಳಿಸುತ್ತದೆ, ನೆನಪಿಟ್ಟುಕೊಳ್ಳುವ ಕೆಲಸವನ್ನು ನಮ್ಮ ತಲೆಗೆ ಕಟ್ಟುತ್ತದೆ.

ಎಲ್ಲರೂ ಟ್ಯಾಬಿನ ಹಿಂದೆ ಬಿದ್ದಿದ್ದಾಗ ಎಕ್ಸೆಲ್ ಉಲ್ಟಾ ಹೊರಟಿತು. 2013ರ ಆವೃತ್ತಿಯಲ್ಲಿ ಪ್ರತಿ ಫೈಲಿಗೂ ಅದರದೇ ವಿಂಡೋ. ಎರಡು ಮಾನಿಟರ್ ಇದ್ದರೆ ಎರಡು ಫೈಲ್ ಹರಡಿ ತಾಳೆ ನೋಡಬಹುದು. ಪುಣ್ಯಾತ್ಮರು! ಬ್ರೌಸರಿನಲ್ಲೂ ಟ್ಯಾಬನ್ನು ಹಿಡಿದು ಕೆಳಗೆ ಎಳೆದರೆ ಬೇರೆ ವಿಂಡೋ ಆಗುತ್ತದೆ. ಇದನ್ನು ಆಫೀಸಿನ ಹುಡುಗ ಹೋದ ವರ್ಷ ತೋರಿಸಿಕೊಟ್ಟ. ಅಲ್ಲಿಯವರೆಗೆ ನಾನು ಬಾಯಿಪಾಠ ಮಾಡಿದ್ದೇ ಬಂತು.

ಅಷ್ಟರಲ್ಲಿ ಅಂಗಡಿಯ ಹುಡುಗ ಒಂದು ನೀಲಿ ಸೀರೆ ಎಳೆದು ಬಿಚ್ಚಿದ. ಅದರ ಮೇಲೆ ಹಸಿರು ಹಾಕಲು ಹೊರಟ.

"ಮೇಲೆ ಹಾಕ್ಬೇಡಪ್ಪ, ಪಕ್ಕಕ್ಕೆ ಹಾಕು. ಎರಡೂ ಒಟ್ಟಿಗೆ ಕಾಣ್ಬೇಕು" ಎಂದಳು ಇವಳು.

ನಾನು ಗೋಡೆ ಬಿಟ್ಟು ನೆಟ್ಟಗೆ ಕೂತೆ. ಮದುವೆಯಾಗಿ ಇಷ್ಟು ವರ್ಷಕ್ಕೆ ಒಂದು ವಿಷಯದಲ್ಲಾದರೂ ನಮ್ಮಿಬ್ಬರ ಮಾತು ಕೂಡಿತಲ್ಲ!

ಒಂದು ಗಂಟೆ ಕಳೆಯಿತು. ಹಾಸಿಗೆ ತುಂಬಿ, ಪಕ್ಕ ಎನ್ನುವುದೇ ಉಳಿಯದೆ, ಸೀರೆಗಳು ನನ್ನ ಮೊಣಕಾಲಿನ ಮೇಲೂ ಹರಡಿದ್ದವು. ಬೆಣ್ಣೆದೋಸೆ ಹೋಟೆಲ್ ಮುಚ್ಚುವ ಹೊತ್ತಾಗುತ್ತಿತ್ತು.

"ಮೊದಲು ತೋರಿಸಿದ್ಯಲ್ಲ, ಆ ನೀಲಿ. ಅದೆಲ್ಲಿ ಹೋಯ್ತು?" ಎಂದಳು.

ಹುಡುಗ ನನ್ನ ಮುಖ ನೋಡಿದ.