ಧರ್ಮಕೇಂದ್ರದ ಚರಿತ್ರೆಯಲ್ಲಿ ಅವ್ವನ ಹೆಸರು

ಅವ್ವ ತೀರಿಕೊಂಡ ಮೂವತ್ತನೆಯ ದಿನದ ಬಲಿಪೂಜೆ, ಅಂದರೆ ಚರ್ಚಿನಲ್ಲಿ ಅರ್ಪಿಸುವ ಮಾಸ್, ಕಳೆದ ವಾರ ಮುಗಿಯಿತು. ಬೆಳಗಾವಿ ಕ್ಯಾಂಪಿನವರು, ಖಾನಾಪುರ ಕಡೆಯ ತವರಿನವರು, ನಮ್ಮ ಓಣಿಯ ಎಲ್ಲ ಜಾತಿ ಮತದವರು ಬಂದಿದ್ದರು. ನಿಮ್ಮ ತಾಯಿ ಬಹಳ ದೈವಭಕ್ತರಾಗಿದ್ದರು ಎಂದು ಒಬ್ಬರಾದ ಮೇಲೊಬ್ಬರು ನನ್ನ ಕೈ ಹಿಡಿದು ಹೇಳಿದರು. ಪ್ರೀತಿಯಿಂದ ಆಡಿದ ಮಾತು, ನಿಜವಾದ ಮಾತೂ ಹೌದು. ಆದರೆ ಆ ಭಕ್ತಿಯ ಹಿಂದೆ ಎಷ್ಟು ದುಡಿಮೆಯಿತ್ತು, ಅದರ ಬಲದ ಮೇಲೆ ನಮ್ಮ ಧರ್ಮಕೇಂದ್ರದ, ಅಂದರೆ ನಮ್ಮ ಕಥೋಲಿಕ ಚರ್ಚಿನ, ಎಷ್ಟು ಕೆಲಸ ನಡೆಯಿತು ಎಂಬುದನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ. ಅದಕ್ಕಾಗಿಯೇ ಇಷ್ಟು ಉದ್ದವಾಗಿ ಬರೆಯುತ್ತಿದ್ದೇನೆ.

1953ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯ (ಒಬ್ಬ ಬಿಷಪ್ಪರ ಆಡಳಿತಕ್ಕೆ ಸೇರಿದ ಪ್ರದೇಶ) ಸ್ಥಾಪನೆಯಾದಾಗ ಅವ್ವ ಖಾನಾಪುರ ತಾಲ್ಲೂಕಿನ ಕಾಡಂಚಿನ ಹಳ್ಳಿಯೊಂದರಲ್ಲಿ ಇನ್ನೂ ಲಂಗ ತೊಟ್ಟು ಓಡಾಡುತ್ತಿದ್ದ ಹುಡುಗಿ. ಬೆಳಗಾವಿ ಆಗ ಮುಂಬಯಿ ರಾಜ್ಯದಲ್ಲಿತ್ತು. ಮನೆಯ ಮಾತು ಕೊಂಕಣಿ, ಶಾಲೆಯದು ಮರಾಠಿ, ಗುರುಗಳು, ಅಂದರೆ ಪಾದ್ರಿಗಳು, ಪೂಜೆ ಅರ್ಪಿಸುತ್ತಿದ್ದುದು ಲ್ಯಾಟಿನ್ ಭಾಷೆಯಲ್ಲಿ. ಲ್ಯಾಟಿನ್ ತಿಳಿಯದ ಹೆಂಗಸರು ಪೂಜೆಯುದ್ದಕ್ಕೂ ತಮ್ಮ ಪಾಡಿಗೆ ಜಪಸರ ಎಣಿಸುತ್ತ ಕೂರುತ್ತಿದ್ದರೆಂದು ಅವ್ವ ಹೇಳುತ್ತಿದ್ದಳು. ಮದುವೆಯಾಗಿ ಕನ್ನಡದ ಮನೆಗೆ ಬರುವ ಹೊತ್ತಿಗೆ, 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯು ಜನರ ಭಾಷೆಯಲ್ಲಿ ಪೂಜೆ ನಡೆಸಲು ಅವಕಾಶ ಮಾಡಿಕೊಟ್ಟಿತ್ತು. ಅವ್ವ ಕನ್ನಡ ಅಕ್ಷರಗಳನ್ನು ಕಲಿತದ್ದು ಪ್ರಾರ್ಥನೆಯ ಪುಸ್ತಕದಿಂದಲೇ. ತನ್ನ ಜಪವನ್ನು ಕೊನೆಯವರೆಗೂ ಕೊಂಕಣಿಯಲ್ಲಿಯೇ ಮಾಡಿದಳು. ನಮಗೆ ಮಾತ್ರ ‘ನಮೋ ಮರಿಯಾ ವರಪ್ರಸಾದ ಪೂರ್ಣೆ’ ಎಂದು ಕನ್ನಡದಲ್ಲಿ ಕಲಿಸಿದಳು. ಮಕ್ಕಳು ಓಣಿಯಲ್ಲಿ ಆಡುವ ಭಾಷೆಯಲ್ಲಿಯೇ ದೇವರೊಡನೆ ಮಾತಾಡಬೇಕು ಎಂಬುದು ಅವಳ ತೀರ್ಮಾನವಾಗಿತ್ತು, ಮತ್ತು ಅದನ್ನು ಅವಳು ಯಾರನ್ನೂ ಕೇಳಿ ಮಾಡಿದ್ದಲ್ಲ.

ಅಪ್ಪ ಬೇಗನೆ ತೀರಿಕೊಂಡರು. ಅಲ್ಲಿಂದ ಮುಂದೆ ಮನೆ ನಡೆದದ್ದು ಅವ್ವನ ಹೊಲಿಗೆ ಯಂತ್ರದಿಂದ. ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಯಾದ ಪರಮಪ್ರಸಾದವನ್ನು ಮೊದಲ ಸಲ ಸ್ವೀಕರಿಸುವ ಹುಡುಗಿಯರ ಬಿಳಿ ಅಂಗಿಗಳನ್ನು ಅವಳು ಪ್ರತಿವರ್ಷ ಹೊಲಿಯುತ್ತಿದ್ದಳು. ಕೊಡಲು ಶಕ್ತಿಯಿದ್ದವರಿಂದ ಮಜೂರಿ ತೆಗೆದುಕೊಳ್ಳುತ್ತಿದ್ದಳು, ಇಲ್ಲದವರ ಮಗುವಿಗೂ ಅದೇ ಬಟ್ಟೆ, ಅದೇ ಲೇಸು. ಪೀಠದ ಮುಂದೆ ಸಾಲಾಗಿ ನಿಂತ ಮಕ್ಕಳಲ್ಲಿ ಯಾರದು ಹಣ ಕೊಟ್ಟು ಹೊಲಿಸಿದ್ದು, ಯಾರದು ಹಾಗೆಯೇ ಬಂದದ್ದು ಎಂದು ಗೊತ್ತಾಗಕೂಡದು ಎಂಬ ವಿಷಯದಲ್ಲಿ ಅವಳು ಬಹಳ ಕಟ್ಟುನಿಟ್ಟಾಗಿದ್ದಳು.

ಪೀಠದ ವಸ್ತ್ರಗಳನ್ನು ಒಗೆಯುವ ಕೆಲಸವೂ ಅವಳದೇ ಆಗಿತ್ತು. ನಮ್ಮ ಸಮುದಾಯದ ಹೊರಗಿನವರಿಗೆ ಇದು ತಿಳಿದಿರಲಾರದು: ಪರಮಪ್ರಸಾದದ ಪಾತ್ರೆಯ ಕೆಳಗೆ ಹಾಸುವ ಚಿಕ್ಕ ಬಿಳಿ ವಸ್ತ್ರದ ಮೇಲೆ ಪ್ರಸಾದದ ಕಣವಿರಬಹುದೆಂಬ ಕಾರಣಕ್ಕೆ, ಅದನ್ನು ಮೊದಲು ಶುದ್ಧ ನೀರಿನಲ್ಲಿ ನೆನೆಸಿ ಆ ನೀರನ್ನು ಮೋರಿಗೆ ಬಿಡದೆ ಮಣ್ಣಿಗೆ ಸುರಿಯಬೇಕು. ಅವ್ವ ಅದನ್ನು ಹಿತ್ತಲಿನ ದಾಸವಾಳದ ಬುಡಕ್ಕೆ ಸುರಿಯುತ್ತಿದ್ದಳು, ಆ ಜಾಗವನ್ನು ನಾವು ತುಳಿಯುವಂತಿರಲಿಲ್ಲ. ಆಮೇಲೆ ಸೋಪು, ತೆಳುವಾದ ಅಕ್ಕಿ ಗಂಜಿ, ನೆರಳಿನಲ್ಲಿ ಒಣಗಿಸುವುದು, ಇಸ್ತ್ರಿ. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲ ಹತ್ತಿರ ಬಂದಾಗ ಹಿಂದಿನ ವರ್ಷದ ಗರಿಗಳ ಭಾನುವಾರದಂದು ಮನೆಮನೆಗೆ ಒಯ್ದು ಶಿಲುಬೆಯ ಹಿಂದೆ ಸಿಕ್ಕಿಸಿದ್ದ ಒಣಗರಿಗಳನ್ನು ಸಂಗ್ರಹಿಸಿ ತರುತ್ತಿದ್ದಳು, ಏಕೆಂದರೆ ಬೂದಿ ಬುಧವಾರ ಹಣೆಗೆ ಹಚ್ಚುವ ಬೂದಿ ಆಗುವುದು ಅವುಗಳಿಂದಲೇ. ಗರಿ ಕೇಳುವ ನೆಪದಲ್ಲಿ ಪ್ರತಿ ಮನೆಯ ಒಳಗೆ ಹೋಗುತ್ತಿದ್ದಳು, ಹಾಸಿಗೆ ಹಿಡಿದವರನ್ನು ಮಾತಾಡಿಸುತ್ತಿದ್ದಳು, ಅಡುಗೆಮನೆಯ ಡಬ್ಬಿಗಳ ಮೇಲೆ ಕಣ್ಣಾಡಿಸಿ ಬರುತ್ತಿದ್ದಳು.

ಆ ಕಣ್ಣಾಡಿಸುವಿಕೆಯಲ್ಲಿಯೇ ಅವ್ವನ ಭಕ್ತಿಯ ತಿರುಳಿತ್ತು ಎಂದು ನನಗೆ ಅನ್ನಿಸುತ್ತದೆ. 2002ರಲ್ಲಿ ಪೋಪ್ ಎರಡನೆಯ ಜಾನ್ ಪೌಲರು ಜಪಸರ ಎಣಿಸುವಾಗ ಧ್ಯಾನಿಸುವ ಯೇಸು ಮತ್ತು ಮರಿಯರ ಜೀವನದ ಘಟನೆಗಳಾದ ರಹಸ್ಯಗಳಿಗೆ ಬೆಳಕಿನ ರಹಸ್ಯಗಳೆಂಬ ಐದು ಹೊಸದನ್ನು ಸೇರಿಸಿ ಗುರುವಾರಕ್ಕೆ ಗೊತ್ತುಪಡಿಸಿದರು. ಹುಟ್ಟಿದಾಗಿನಿಂದ ಗುರುವಾರ ಸಂತೋಷದ ರಹಸ್ಯಗಳನ್ನೇ ಧ್ಯಾನಿಸಿದ್ದ ಅವ್ವನಿಗೆ ಅರವತ್ತು ದಾಟಿದ ಮೇಲೆ ಆ ಕ್ರಮವನ್ನು ಬದಲಾಯಿಸುವುದು ಸುಲಭವಾಗಿರಲಿಲ್ಲ. ನನ್ನ ಮಗಳು ಐದನ್ನೂ ಕ್ಯಾಲೆಂಡರಿನ ಹಿಂಬದಿಯಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದು ಕೊಟ್ಟಳು. ಅವುಗಳಲ್ಲಿ ಎರಡನೆಯದಾದ ಕಾನಾ ಊರಿನ ಮದುವೆ ಅವ್ವನಿಗೆ ತುಂಬ ಹಿಡಿಸಿತು. ಮದುವೆ ಮನೆಯಲ್ಲಿ ದ್ರಾಕ್ಷಾರಸ ಮುಗಿದದ್ದನ್ನು ಯೇಸುವಿನ ತಾಯಿ ಗಮನಿಸಿ ಮಗನಿಗೆ ಹೇಳುವ, ಯೊವಾನ್ನನ ಶುಭಸಂದೇಶದ ಪ್ರಸಂಗವದು. ಜಪ ಮುಗಿದ ಮೇಲೆ ಒಂದು ದಿನ ಮೊಮ್ಮಗಳಿಗೆ ಹೇಳಿದಳು: “ಯಾರ ಮನ್ಯಾಗ ಏನ್ ಮುಗದೈತಿ ಅನ್ನೂದು ಆಕಿಗಿ ಕೇಳದ ತಿಳೀತಿತ್ತು ನೋಡವಾ. ಬ್ಯಾರೇದವ್ರೆಲ್ಲಾ ಊಟ ಮಾಡಕೋತ ಕುಂತಿದ್ರು.” ನಾನು ಕೇಳಿದ ಅನೇಕ ಪ್ರಬೋಧನೆಗಳಿಗಿಂತ ಈ ಎರಡು ವಾಕ್ಯಗಳು ನನಗೆ ಹೆಚ್ಚು ಕಲಿಸಿವೆ.

ಧರ್ಮಕೇಂದ್ರದಲ್ಲಿದ್ದ ಸಂತ ವಿನ್ಸೆಂಟ್ ದಿ ಪೌಲ್ ಸಭೆಯವರು ಯಾವ ಮನೆಗೆ ಅಕ್ಕಿ, ಯಾವ ಮನೆಗೆ ಔಷಧದ ಹಣ ಬೇಕು ಎಂದು ತಿಳಿಯಲು ಮೊದಲು ಕೇಳುತ್ತಿದ್ದುದು ಅವ್ವನನ್ನು. ಅವಳ ಪಟ್ಟಿಯಲ್ಲಿ ಕಥೋಲಿಕರಲ್ಲದ ಮನೆಗಳೂ ಇರುತ್ತಿದ್ದವು. ಕ್ರಿಸ್ಮಸ್ಸಿನ ನೆವ್ರಿ, ದೋದೋಲ್ ತಟ್ಟೆಗಳು ಓಣಿಯೆಲ್ಲ ಸುತ್ತಿ, ಸಂಕ್ರಾಂತಿಗೆ ಕುಸುರೆಳ್ಳು, ರಂಜಾನಿಗೆ ಸುರಕುಂಬಾ ಆಗಿ ತಿರುಗಿ ಬರುತ್ತಿದ್ದವು. ಅದನ್ನು ಬೆಳಗಾವಿಯವರಿಗೆ ವಿವರಿಸುವ ಅಗತ್ಯವಿಲ್ಲ.

ಭಾನುವಾರದ ಪೂಜೆಯ ನಂತರ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುವುದನ್ನು ಅವಳು ಮಂಡಿ ಸೋಲುವವರೆಗೂ ಬಿಡಲಿಲ್ಲ. ಅವಳಿಂದ ಪಾಪನಿವೇದನೆಯ ಪ್ರಾರ್ಥನೆ ಕಲಿತ ಹುಡುಗರಲ್ಲಿ ಒಬ್ಬರು ಗುರುಗಳಾಗಿದ್ದಾರೆ. ರೋಗಿಗಳಿಗೆ ಕೊಡುವ ಸಂಸ್ಕಾರವಾದ ವ್ಯಾಧಿಸ್ಥರ ಅಭ್ಯಂಗದ ಎಣ್ಣೆಯನ್ನು ಅವಳ ಹಣೆಗೂ ಅಂಗೈಗೂ ಹಚ್ಚಿದವರು ಅವರೇ. ಆದರೂ ಶತಮಾನಗಳಿಂದ ಇಂಥ ಉಪದೇಶಕಿಯರಿಗೆ ಧರ್ಮಸಭೆಯಲ್ಲಿ ವಿಧಿವತ್ತಾದ ಸ್ಥಾನವಿರಲಿಲ್ಲ. ಪೋಪ್ ಫ್ರಾನ್ಸಿಸರು ವಾಚಕ ಮತ್ತು ಪೀಠಸೇವಕ ಸೇವೆಗಳನ್ನು ಮಹಿಳೆಯರಿಗೂ ವಿಧ್ಯುಕ್ತವಾಗಿ ತೆರೆದದ್ದು 2021ರ ಜನವರಿಯಲ್ಲಿ. ಧರ್ಮೋಪದೇಶಕರ ಸೇವೆಯನ್ನು ಅಧಿಕೃತವಾಗಿ ಸ್ಥಾಪಿಸಿದ್ದು ಅದೇ ವರ್ಷದ ಮೇ ತಿಂಗಳಲ್ಲಿ. ಆಗ ಅವ್ವನಿಗೆ ದೇವಾಲಯದ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಸುದ್ದಿ ಓದಿ ಹೇಳಿದಾಗ ಸಂತೋಷಪಟ್ಟಳು, ಇನ್ನು ಮುಂದೆ ಕಲಿಸುವ ಹುಡುಗಿಯರಿಗೆ ಒಳ್ಳೆಯದಾಯಿತು ಎಂದಳು. ತನ್ನ ಬಗ್ಗೆ ಏನೂ ಹೇಳಲಿಲ್ಲ. ಹೇಳಬೇಕಾದವರು ನಾವು ಎಂದು ನನಗೆ ಅನ್ನಿಸಿದ್ದು ಆಗಲೇ.

ಒಂದು ಗೌರವ ಮಾತ್ರ ಅವಳ ಕಾಲದಲ್ಲಿಯೇ ಬಂತು. ಈಸ್ಟರಿನ ಮುಂಚಿನ ಪವಿತ್ರ ಗುರುವಾರ ಗುರುಗಳು ಕಾಲು ತೊಳೆಯುವ ಹನ್ನೆರಡು ಜನರಲ್ಲಿ ಅಲ್ಲಿಯವರೆಗೆ ನಮ್ಮಲ್ಲಿ ಗಂಡಸರಷ್ಟೇ ಇರುತ್ತಿದ್ದರು. ಮಹಿಳೆಯರನ್ನೂ ಸೇರಿಸಬಹುದೆಂಬ ಆದೇಶ 2016ರ ಜನವರಿಯಲ್ಲಿ ಹೊರಬಿದ್ದ ಮೇಲೆ ನಮ್ಮ ಗುರುಗಳು ಅವ್ವನನ್ನು ಕರೆದರು. ಮೊದಲು ಒಲ್ಲೆ ಎಂದಳು. ಕೊನೆಗೆ ಒಪ್ಪಿ, ಆ ಸಂಜೆ ಬಚ್ಚಲಿನಲ್ಲಿ ಬಹಳ ಹೊತ್ತು ಕುಳಿತು ಹಿಮ್ಮಡಿಯ ಒಡಕುಗಳನ್ನು ಕಲ್ಲಿನಿಂದ ಉಜ್ಜಿ ಉಜ್ಜಿ ತೊಳೆದುಕೊಂಡಳು. ಬೇರೆಯವರಿಗೆ ತನ್ನಿಂದ ಕೆಲಸವಾಗಬಾರದು ಎಂಬ ಸ್ವಭಾವ ಅಲ್ಲಿಯೂ ಬಿಡಲಿಲ್ಲ. ಗುರುಗಳು ನೀರು ಹಾಕುವಾಗ ಅವಳು ಅತ್ತಳು. ಅಪ್ಪನ ಮಣ್ಣಿನ ದಿನ ಬಿಟ್ಟರೆ ಅವಳು ನಾಲ್ಕು ಜನರೆದುರು ಅತ್ತದ್ದನ್ನು ನಾನು ಕಂಡಿದ್ದು ಅದೊಂದೇ ಸಲ.

ನಮ್ಮ ಭಾಗದ ಕ್ರೈಸ್ತರ ಚರಿತ್ರೆ ಬರೆಯುವಾಗ ಧರ್ಮಾಧ್ಯಕ್ಷರ ಹೆಸರುಗಳು, ಗುರುಗಳ ವರ್ಗಾವಣೆಯ ವರ್ಷಗಳು, ಕಟ್ಟಡಗಳ ಉದ್ಘಾಟನೆಗಳು ಕ್ರಮವಾಗಿ ಬರುತ್ತವೆ. ಅವೂ ಇರಬೇಕು, ಅವರ ಶ್ರಮವನ್ನು ನಾನು ಬಲ್ಲೆ. ಆದರೆ ಗುರುಗಳು ಕೆಲವು ವರ್ಷಗಳಿಗೊಮ್ಮೆ ಬದಲಾಗುವ ಊರಿನಲ್ಲಿ ಅರ್ಧ ಶತಮಾನ ಒಂದೇ ಕಡೆ ನಿಂತು ಪ್ರಾರ್ಥನೆ ಕಲಿಸಿದವರು, ಬಡವರ ಮನೆಗಳನ್ನು ಬಲ್ಲವರು, ಪೀಠವನ್ನು ಶುಚಿಯಾಗಿಟ್ಟವರು ಈ ತಾಯಂದಿರು. ಅವ್ವನ ಹೆಸರು ಧರ್ಮಸಭೆಯ ದಾಖಲೆಗಳಲ್ಲಿ ಇರುವುದು ಜ್ಞಾನಸ್ನಾನ, ದೃಢೀಕರಣ, ವಿವಾಹ, ಮರಣ ಎಂಬ ದಪ್ಪ ಪುಸ್ತಕಗಳಲ್ಲಿ, ಎಲ್ಲರ ಹೆಸರೂ ಇರುವಂತೆಯೇ. ವಿವಾಹಕ್ಕೂ ಮರಣಕ್ಕೂ ನಡುವೆ ಅವಳು ಮಾಡಿದ್ದಕ್ಕೆ ಯಾವ ಪುಸ್ತಕವೂ ಇಲ್ಲ. ಇದು ಯಾರೋ ಬೇಕೆಂದು ಮಾಡಿದ ಅನ್ಯಾಯವೆಂದು ನಾನು ಹೇಳುವುದಿಲ್ಲ. ಮನೆಗೆಲಸವನ್ನು ಲೆಕ್ಕಕ್ಕೆ ಹಿಡಿಯದ ನಮ್ಮೆಲ್ಲರ ಅಭ್ಯಾಸವೇ ದೇವಾಲಯದ ಒಳಗೂ ಬಂದಿದೆ.

ನವೆಂಬರ್ 2ರ ಮೃತರ ಸ್ಮರಣೆಯ ದಿನಕ್ಕೆ ಮುಂಚೆ ಇದನ್ನು ಸ್ವಲ್ಪವಾದರೂ ಸರಿಪಡಿಸಬೇಕೆಂದು ನಾವು ಕೆಲವರು ಸೇರಿ ಕೆಲಸ ಆರಂಭಿಸಿದ್ದೇವೆ. ಧರ್ಮಕೇಂದ್ರದ ಗುರುಗಳು ಒಪ್ಪಿ, ಕಚೇರಿಯಲ್ಲಿ ಒಂದು ದೊಡ್ಡ ರಿಜಿಸ್ಟರ್ ಇಡಿಸಿದ್ದಾರೆ. ಮೊದಲ ಪುಟಗಳಲ್ಲಿ ಅವ್ವ ಕಲಿಸುತ್ತಿದ್ದ ಖಾನಾಪುರ ಕಡೆಯ ಕೊಂಕಣಿ ಪ್ರಾರ್ಥನೆಗಳನ್ನು ನನ್ನ ಮಗಳು ಬರೆದಿದ್ದಾಳೆ, ವಸ್ತ್ರಕ್ಕೆ ಗಂಜಿ ಹಾಕುವ ಹದವನ್ನೂ ಬರೆದಿದ್ದಾಳೆ. ನಿಮ್ಮ ಮನೆಯಲ್ಲಿಯೂ ಇಂಥ ತಾಯಿಯೋ ಆಯಿಯೋ ಇದ್ದರೆ, ಅವರ ನೆನಪು ಇನ್ನೂ ಚೆನ್ನಾಗಿರುವಾಗಲೇ ಪಕ್ಕದಲ್ಲಿ ಕೂತು ಕೇಳಿ ಬರೆದುಕೊಂಡು ತನ್ನಿ. ಭಾನುವಾರ ಕನ್ನಡ ಪೂಜೆ ಮುಗಿದ ಮೇಲೆ ನಮ್ಮಲ್ಲಿ ಯಾರಾದರೊಬ್ಬರು ಕಚೇರಿಯಲ್ಲಿ ಇರುತ್ತೇವೆ. ಕೊಂಕಣಿ, ಮರಾಠಿ, ಕನ್ನಡ ಯಾವುದರಲ್ಲಿ ಬರೆದಿದ್ದರೂ ಸರಿ.