ಅಟ್ಟದ ಕಾಯಿ ಇಳಿಸಿ ಕಟ್ಟಿದ ಶುಲ್ಕ

ಎರಡು ಕಡೆ ಎಂ.ಎಸ್ಸಿ. ಸೀಟು ಸಿಕ್ಕಿದೆಯಂತೆ, ಪುಣ್ಯವಂತೆ ಎಂದು ಊರಿನಲ್ಲಿ ಎಲ್ಲರೂ ಹೇಳುತ್ತಿದ್ದಾರೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಮೈ ಉರಿಯುತ್ತದೆ. ಎರಡೂ ಸೀಟು ಒಂದೇ ದಿನ ನನ್ನ ಮುಂದೆ ಇದ್ದಿದ್ದರೆ ನಾನೂ ಹಾಗೆಯೇ ಅಂದುಕೊಳ್ಳುತ್ತಿದ್ದೆ. ಒಂದು ಜೂನ್‌ನಲ್ಲಿ ಬಂತು, ಇನ್ನೊಂದು ಸೆಪ್ಟೆಂಬರ್‌ನಲ್ಲಿ. ಜೂನ್‌ನಲ್ಲಿ ಕೊಟ್ಟವರು ಮೂರು ದಿನದೊಳಗೆ ಉತ್ತರ ಕೇಳಿದರು. ಅವರಿಗೆ ಉತ್ತರ ಎಂದರೆ ದುಡ್ಡು.

ಮೊದಲು ಕರೆದದ್ದು ಬೆಂಗಳೂರಿನ ಒಂದು ಡೀಮ್ಡ್ ವಿಶ್ವವಿದ್ಯಾಲಯ, ಎಂದರೆ ವಿಶ್ವವಿದ್ಯಾಲಯದ ಸ್ಥಾನಮಾನ ಪಡೆದ ಸಂಸ್ಥೆ. ಐದು ಸೆಮಿಸ್ಟರ್‌ಗಳ ಅಂಕ ನೋಡಿ ರಸಾಯನಶಾಸ್ತ್ರಕ್ಕೆ ಸೀಟು ಕೊಟ್ಟರು. ಮೊದಲ ವರ್ಷದ ಶುಲ್ಕ 96,000 ರೂಪಾಯಿ. ಕಟ್ಟದಿದ್ದರೆ ಸೀಟು ಮುಂದಿನವರಿಗೆ. ಆಗ ನಮ್ಮ ಆರನೇ ಸೆಮಿಸ್ಟರ್ ಪರೀಕ್ಷೆಯೇ ಮುಗಿದಿರಲಿಲ್ಲ. 2021ರಲ್ಲಿ ನಾಲ್ಕು ವರ್ಷದ ಪದವಿ ಎಂದು ನಮ್ಮನ್ನು ಸೇರಿಸಿಕೊಂಡಿದ್ದರು; ನಾವು ಮೂರನೇ ವರ್ಷ ಮುಗಿಸುವ ಹೊತ್ತಿಗೆ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತ್ತು. ಆ ಗೊಂದಲದ ನಡುವೆ ಸರ್ಕಾರಿ ವಿಶ್ವವಿದ್ಯಾಲಯದ ವಿಭಾಗಕ್ಕೆ ಫೋನ್ ಮಾಡಿ, ಪ್ರವೇಶ ಯಾವಾಗ ಎಂದು ಕೇಳಿದೆ. "ಫಲಿತಾಂಶ ಬರಲಮ್ಮ, ಆಮೇಲೆ ನೋಡೋಣ" ಎಂದರು. ನನ್ನ ಹತ್ತಿರ ಇದ್ದದ್ದು ಎಪ್ಪತ್ತೆರಡು ಗಂಟೆ.

ನಮ್ಮದು ತಿಪಟೂರು ಕಡೆ. ಇಲ್ಲಿ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗುತ್ತದೆ. ನಡುವೆ ಇಳಿಸಿದರೆ ಅದು ಕಾಯಿಯೂ ಅಲ್ಲ, ಕೊಬ್ಬರಿಯೂ ಅಲ್ಲ. ಅಪ್ಪ ನಡುವೆಯೇ ಇಳಿಸಿದರು. ಇನ್ನು ನಾಲ್ಕು ತಿಂಗಳು ಇಟ್ಟಿದ್ದರೆ ಒಳ್ಳೆಯ ಬೆಲೆ ತರುತ್ತಿದ್ದ ಮಾಲನ್ನು ವ್ಯಾಪಾರಿ ಹೇಳಿದ ಬೆಲೆಗೆ ತೂಗಿ ಕೊಟ್ಟರು. ಸಾಲದ್ದಕ್ಕೆ ಅಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಎತ್ತಿದಳು. ನಾನು ಬೇಡವೆಂದೆ. "ಓದುವುದನ್ನು ಓದು ಪುಟ್ಟಿ, ಮರ ಮುಂದಿನ ವರ್ಷವೂ ಕಾಯಿ ಬಿಡುತ್ತದೆ" ಎಂದರು ಅಪ್ಪ. ಬರಿದಾದ ಅಟ್ಟವನ್ನು ನೋಡಿದಾಗಲೆಲ್ಲ ಆ ಮಾತು ನೆನಪಾಗುತ್ತದೆ.

ಪ್ರವೇಶದ ದಿನ ಎಸ್‌ಎಸ್‌ಎಲ್‌ಸಿ, ಪಿಯುಸಿ, ಐದು ಸೆಮಿಸ್ಟರ್‌ಗಳ ಅಂಕಪಟ್ಟಿ, ಎಲ್ಲದರ ಮೂಲ ಪ್ರತಿಯನ್ನೂ ತೆಗೆದುಕೊಂಡರು. ಪರಿಶೀಲನೆಗೆ ಎಂದುಕೊಂಡಿದ್ದೆ. ಲಕೋಟೆಗೆ ಹಾಕಿ ಬೀರುವಿನಲ್ಲಿಟ್ಟರು.

ಆಗಸ್ಟ್‌ನಲ್ಲಿ ತರಗತಿ ಶುರುವಾದವು. ಕಲಿಸುವವರಲ್ಲಿ ಒಬ್ಬರು ನಿಜಕ್ಕೂ ಒಳ್ಳೆಯವರು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಆದರೆ ಪುಸ್ತಿಕೆಯಲ್ಲಿ ಫೋಟೊ ಸಮೇತ ಅಚ್ಚು ಹಾಕಿದ್ದ, ಅಣುವಿನ ರಚನೆ ತಿಳಿಯುವ ಎನ್‌ಎಂಆರ್ ಯಂತ್ರವನ್ನು ಕೇಳಿದರೆ, ಸ್ಯಾಂಪಲ್ ಹೊರಗೆ ಕಳಿಸುತ್ತೇವೆ, ಅದರ ಖರ್ಚು ನಿಮ್ಮದು ಎಂದರು. ಸೆಪ್ಟೆಂಬರ್‌ನಲ್ಲಿ ನಮ್ಮ ಫಲಿತಾಂಶ ಬಂತು, ಹಿಂದೆಯೇ ಸರ್ಕಾರಿ ವಿಶ್ವವಿದ್ಯಾಲಯದ ಪಟ್ಟಿಯೂ ಬಂತು. ಸಾವಯವ ರಸಾಯನಶಾಸ್ತ್ರದಲ್ಲಿ ಸೀಟು, ಶುಲ್ಕ ಇಲ್ಲಿಯದರ ಆರರಲ್ಲಿ ಒಂದು ಪಾಲೂ ಇಲ್ಲ, ಆವರಣದಲ್ಲೇ ಹಾಸ್ಟೆಲ್. ಸೆಪ್ಟೆಂಬರ್ 30ರೊಳಗೆ ಮೂಲ ಅಂಕಪಟ್ಟಿಗಳೊಂದಿಗೆ ಹಾಜರಾಗಬೇಕು.

24ರಂದು ಪ್ರವೇಶ ರದ್ದತಿಯ ಅರ್ಜಿ ಕೊಟ್ಟೆ. ಕಚೇರಿಯವರು ಓದಿ, "ನಮ್ಮ ಪ್ರವೇಶದ ಕೊನೆಯ ದಿನ ಜೂನ್ 30. ಅದಾಗಿ ಮೂವತ್ತು ದಿನ ಕಳೆದ ಮೇಲೆ ಒಂದು ರೂಪಾಯಿಯೂ ವಾಪಸ್ ಬರುವುದಿಲ್ಲಮ್ಮ, ಇದು ಯುಜಿಸಿ ನಿಯಮ" ಎಂದರು.

ಯುಜಿಸಿ ಎಂದರೆ ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಕೇಂದ್ರದ ಅನುದಾನ ಆಯೋಗ; ಅದರ ನಿಯಮ ಇರುವುದು ನಿಜ. 2018ರ ಅಧಿಸೂಚನೆಯ ಪ್ರಕಾರ, ಪ್ರಕಟಿಸಿದ ಕೊನೆಯ ದಿನಕ್ಕೆ ಹದಿನೈದು ದಿನ ಅಥವಾ ಅದಕ್ಕೂ ಮುಂಚೆ ಬಿಟ್ಟರೆ ಪೂರ್ತಿ ಹಣ, ಹದಿನೈದು ದಿನಕ್ಕಿಂತ ಕಡಿಮೆ ಉಳಿದಿದ್ದರೆ ಶೇ 90, ಕೊನೆಯ ದಿನ ಕಳೆದು ಹದಿನೈದು ದಿನದವರೆಗೆ ಶೇ 80, ಮೂವತ್ತರವರೆಗೆ ಶೇ 50, ಆಮೇಲೆ ಸೊನ್ನೆ. ಆದರೆ ಆ ಕೊನೆಯ ದಿನವನ್ನು ಗೊತ್ತುಮಾಡುವವರು ಯಾರು? ಅವರೇ. ರಾಜ್ಯದ ಮಕ್ಕಳು ಪರೀಕ್ಷೆ ಬರೆಯುತ್ತಿರುವಾಗಲೇ ಕೊನೆಯ ದಿನ ಎಂದು ಸಾರಿಬಿಟ್ಟರೆ, ನಮ್ಮ ಫಲಿತಾಂಶ ಬರುವಷ್ಟರಲ್ಲಿ ಲೆಕ್ಕ ತಾನಾಗಿಯೇ ಸೊನ್ನೆಗೆ ಬಂದು ನಿಲ್ಲುತ್ತದೆ. ಈ ಕಷ್ಟ ಗೊತ್ತಿದ್ದೇ 2024-25ನೇ ಸಾಲಿಗೆ ಯುಜಿಸಿ ಬೇರೆ ಮಾತು ಹೇಳಿದೆ: ಸೆಪ್ಟೆಂಬರ್ 30ರವರೆಗೆ ಬಿಟ್ಟರೆ ಪೂರ್ತಿ ಶುಲ್ಕ ಹಿಂದಿರುಗಿಸಬೇಕು, ಅಕ್ಟೋಬರ್ 31ರವರೆಗೆ ಬಿಟ್ಟರೆ 1,000 ರೂಪಾಯಿಗಿಂತ ಹೆಚ್ಚು ಹಿಡಿಯಬಾರದು. ಆ ಸುತ್ತೋಲೆಯನ್ನು ಮುದ್ರಿಸಿಕೊಂಡೇ ಹೋಗಿದ್ದೆ. "ಇದು ನಮಗೆ ಬಂದಿಲ್ಲ" ಎಂದು ಹಾಳೆಯನ್ನು ನನ್ನ ಕಡೆಗೇ ತಳ್ಳಿದರು. ಶುಲ್ಕ ಕಟ್ಟಲು ಒಂದು ಗಂಟೆ ತಡವಾದರೆ ಮೂರು ಸಂದೇಶ ಕಳಿಸುವವರಿಗೆ ಸುತ್ತೋಲೆ ಬಂದಿಲ್ಲವಂತೆ!

ಹಾಗಾದರೆ ಅಂಕಪಟ್ಟಿಗಳನ್ನಾದರೂ ಕೊಡಿ ಸರ್ ಎಂದೆ. ಎರಡನೇ ವರ್ಷದ ಶುಲ್ಕವನ್ನೂ ಕಟ್ಟಿ ಬಾಕಿಯಿಲ್ಲ ಎಂಬ ಪತ್ರ ತಂದರೆ ಕೊಡುತ್ತಾರಂತೆ. ನಾನು ಓದದ ವರ್ಷಕ್ಕೆ! ಮೂಲ ಪ್ರತಿಗಳನ್ನು ವಿದ್ಯಾರ್ಥಿಯ ಎದುರಿನಲ್ಲೇ ಪರಿಶೀಲಿಸಿ ಆಗಲೇ ಹಿಂದಿರುಗಿಸಬೇಕು, ಇಟ್ಟುಕೊಳ್ಳಬಾರದು ಎಂದು ಅದೇ 2018ರ ಅಧಿಸೂಚನೆ ಹೇಳುತ್ತದೆ. ಸೊನ್ನೆಯ ಸಾಲು ಅವರಿಗೆ ಬಾಯಿಪಾಠವಾಗಿದೆ, ಈ ಸಾಲು ಮಾತ್ರ ಕಣ್ಣಿಗೆ ಬಿದ್ದಿಲ್ಲ. ಹತ್ತನೇ ತರಗತಿಯಿಂದ ನಾನು ಗಳಿಸಿದ್ದೆಲ್ಲ ಆ ಲಕೋಟೆಯಲ್ಲಿದೆ. ಅದನ್ನು ಒತ್ತೆ ಇಟ್ಟುಕೊಳ್ಳಲು ನಾನು ಅವರಿಂದ ಸಾಲ ತಂದಿಲ್ಲ.

ಇದೆಲ್ಲದರ ಮೇಲೆ ಬುದ್ಧಿವಾದ. "ಕಟ್ಟಿದ್ದಾಗಿದೆ, ಅಲ್ಲೇ ಓದಿ ಮುಗಿಸು, ಎಂ.ಎಸ್ಸಿ. ಎಲ್ಲಿ ಮಾಡಿದರೂ ಎಂ.ಎಸ್ಸಿ.ಯೇ" ಎನ್ನುತ್ತಾರೆ ಚಿಕ್ಕಪ್ಪ. ಹೋದದ್ದನ್ನು ಉಳಿಸಿಕೊಳ್ಳಲು ಎರಡನೇ ವರ್ಷಕ್ಕೆ ಮತ್ತೆ 96,000 ಎಲ್ಲಿಂದ ತರಲಿ? ಇನ್ನೊಮ್ಮೆ ಅಟ್ಟ ಖಾಲಿ ಮಾಡಿಸಲೇ? ಜೂನ್‌ನಲ್ಲಿ ಕಟ್ಟದೆ ಕಾಯಬೇಕಿತ್ತು ಎನ್ನುವವರೂ ಇದ್ದಾರೆ. ಆಗ ಸರ್ಕಾರಿ ಸೀಟು ಸಿಗುತ್ತದೆ ಎಂದು ಬರೆದುಕೊಡಲು ಅವರಲ್ಲಿ ಒಬ್ಬರೂ ಇರಲಿಲ್ಲ. ದುಡ್ಡಿದ್ದವರು ಒಂದು ಕಡೆ ಕಟ್ಟಿ, ಇನ್ನೊಂದು ಸಿಕ್ಕಾಗ ಮೊದಲಿನದನ್ನು ಕೈಬಿಟ್ಟು ನೆಮ್ಮದಿಯಾಗಿ ಹೋಗುತ್ತಾರೆ. ನನ್ನ ತರಗತಿಯಲ್ಲೇ ಇಬ್ಬರು ಹಾಗೆ ಹೋದರು.

ನಾನು ಸರ್ಕಾರಿ ವಿಶ್ವವಿದ್ಯಾಲಯಕ್ಕೇ ಸೇರುತ್ತೇನೆ. ಡೀಮ್ಡ್ ವಿಶ್ವವಿದ್ಯಾಲಯದ ಕುಲಸಚಿವರ ಹೆಸರಿಗೆ ನೋಂದಾಯಿತ ಅಂಚೆಯಲ್ಲಿ ಪತ್ರ ಹೋಗಿದೆ, ಯುಜಿಸಿಯ ದೂರಿನ ಜಾಲತಾಣ ಇ-ಸಮಾಧಾನ್‌ನಲ್ಲಿ ದೂರು ದಾಖಲಾಗಿದೆ. ಇಂದು 2024ರ ಸೆಪ್ಟೆಂಬರ್ 26. ನಾಳೆ ಬೆಳಗಿನ ಮೊದಲ ರೈಲಿಗೆ ಅಪ್ಪನೊಂದಿಗೆ ಬೆಂಗಳೂರಿಗೆ ಹೊರಟಿದ್ದೇನೆ. ದುಡ್ಡಿಗಾಗಿ ಎಷ್ಟು ತಿಂಗಳಾದರೂ ಅಲೆಯುತ್ತೇನೆ. ಆ ಲಕೋಟೆ ಕೈಗೆ ಬರದೆ ನಾಳೆ ಆ ಕೌಂಟರಿನ ಮುಂದಿನಿಂದ ಏಳುವುದಿಲ್ಲ.