ಲಂಡನ್ ಒಗ್ಗರಣೆಗೆ ಮೊದಲಿನ ಬಾಬ್ ಮಾರ್ಲಿ

ಹಳೇ ಆಲ್ಬಮ್‌ಗೆ 'ಡೀಲಕ್ಸ್ ಎಡಿಷನ್' ಅಂತ ಹೊಸ ಅಂಗಿ ತೊಡಿಸಿ ಮಾರುವ ದಂಧೆ ಕಂಡರೆ ನನಗೆ ಮೊದಲಿಂದಲೂ ಸಿಟ್ಟು. ನೂರು ಸಲ ಕೇಳಿದ ಅದೇ ಹಾಡುಗಳು. ಜೊತೆಗೆ ಗಾಯಕ ಕೆಮ್ಮಿದ್ದು, ಗಿಟಾರ್ ಶ್ರುತಿ ಮಾಡಿಕೊಂಡಿದ್ದು, ಅರ್ಧಕ್ಕೇ ನಿಂತ ಎರಡು ಮೂರು ಪ್ರಯತ್ನ. ದುಡ್ಡು ಮಾತ್ರ ಡಬಲ್. ಒಂದು ಸಲ ಕೇಳಿ ಕಪಾಟಿಗೆ ಸೇರಿಸಿದರೆ ಮತ್ತೆ ಅದನ್ನು ಮುಟ್ಟೋದು ಮನೆ ಬದಲಾಯಿಸುವಾಗಲೇ.

ಆದರೆ ಒಂದು ಡೀಲಕ್ಸ್ ಎಡಿಷನ್ ನನ್ನ ಬಾಯಿ ಮುಚ್ಚಿಸಿದೆ. ಬಾಬ್ ಮಾರ್ಲಿ ಇದ್ದ ವೇಲರ್ಸ್ ತಂಡದ 'ಕ್ಯಾಚ್ ಎ ಫೈರ್'. ಮೂಲ ಆಲ್ಬಮ್ ಬಂದಿದ್ದು 1973ರ ಏಪ್ರಿಲ್‌ನಲ್ಲಿ. 2001ರಲ್ಲಿ ಅದು ಎರಡು ಸಿಡಿಗಳ ಸೆಟ್ ಆಗಿ ಮತ್ತೆ ಬಂತು. ಐವತ್ತು ವರ್ಷ ತುಂಬಿತು ಅಂತ 2023ರಲ್ಲಿ ಇನ್ನೂ ದೊಡ್ಡ ಡಬ್ಬವೊಂದು ಬಂತು. ನಾನು ಇವತ್ತು ಹೇಳಬೇಕು ಅಂತಿರೋದು ಮುಖ್ಯವಾಗಿ 2001ರದ್ದರ ಬಗ್ಗೆ. ಗೆಳೆಯನೊಬ್ಬ ಕೊಟ್ಟ ಸಿಡಿ ಅದು. ವಾಪಸ್ ಕೇಳಬೇಡ ಮಾರಾಯ, ಕೊಡಲ್ಲ.

ಹಿಂದಿನ ಕತೆ ಸ್ವಲ್ಪ ಗೊತ್ತಿರಬೇಕು. ಬಾಬ್ ಮಾರ್ಲಿ, ಪೀಟರ್ ಟಾಶ್, ಬನ್ನಿ ವೇಲರ್ ಮೂವರೂ ಜಮೈಕಾದ ಕಿಂಗ್‌ಸ್ಟನ್‌ನ ಟ್ರೆಂಚ್‌ಟೌನ್‌ನಲ್ಲಿ ಜೊತೆಗೆ ಹಾಡಿ ಬೆಳೆದವರು, ವೇಲರ್ಸ್ ಅಂದರೆ ಇವರೇ. 1972ರಲ್ಲಿ ಇವರು ಲಂಡನ್‌ನಲ್ಲಿ ಕೈಯಲ್ಲಿ ಕಾಸಿಲ್ಲದೆ ಸಿಕ್ಕಿಹಾಕಿಕೊಂಡಿದ್ದರು. ಆಗ ಹೋಗಿ ಕಂಡಿದ್ದು ಐಲ್ಯಾಂಡ್ ರೆಕಾರ್ಡ್ಸ್ ಅನ್ನೋ ರೆಕಾರ್ಡ್ ಕಂಪನಿಯ ಕ್ರಿಸ್ ಬ್ಲ್ಯಾಕ್‌ವೆಲ್‌ನನ್ನು. ಅವನೂ ಜಮೈಕಾದಲ್ಲೇ ಬೆಳೆದ ಬಿಳಿಯ, ಸ್ಥಿತಿವಂತರ ಮನೆಯವನು. ಆಲ್ಬಮ್ ಮಾಡಿಕೊಂಡು ಬನ್ನಿ ಅಂತ ನಂಬಿಕೆ ಮೇಲೆ 4,000 ಪೌಂಡ್ ಕೊಟ್ಟ. ಆ ದುಡ್ಡು ಗೋವಿಂದ ಅಂತ ಸುತ್ತಲಿನವರೆಲ್ಲ ಅಂದರು. ಗೋವಿಂದ ಆಗಲಿಲ್ಲ. ಕಿಂಗ್‌ಸ್ಟನ್‌ನ ಡೈನಾಮಿಕ್, ಹ್ಯಾರಿ ಜೆ, ರ‍್ಯಾಂಡೀಸ್ ಸ್ಟುಡಿಯೋಗಳಲ್ಲಿ ಕೂತು ಇವರು ಹಾಡು ಮುಗಿಸಿದರು. ಬಾಬ್ ಟೇಪುಗಳನ್ನು ಹೊತ್ತುಕೊಂಡು ಲಂಡನ್‌ಗೆ ಬಂದ.

ಅಲ್ಲಿ ಬಿತ್ತು ಒಗ್ಗರಣೆ.

ಬ್ಲ್ಯಾಕ್‌ವೆಲ್ ಲೆಕ್ಕಾಚಾರ ಸುಲಭವಾಗಿತ್ತು. ಆಗ ರೆಗ್ಗೆ, ಅಂದರೆ ಇವರು ಹಾಡುತ್ತಿದ್ದ ಜಮೈಕಾದ ಸಂಗೀತ, ಬಿಡಿ ಬಿಡಿ ಹಾಡಿನ ಸಣ್ಣ ರೆಕಾರ್ಡುಗಳ ವ್ಯಾಪಾರ. ಎಲ್‌ಪಿ (ಹಲವು ಹಾಡಿನ ದೊಡ್ಡ ರೆಕಾರ್ಡು) ಅಂದರೂ ಹಿಟ್ ಹಾಡುಗಳನ್ನು ಒಟ್ಟಿಗೆ ಕಟ್ಟಿದ ಗಂಟು. ಎಲ್‌ಪಿ ಕೊಳ್ಳೋರು ರಾಕ್ ಕೇಳುವ ಬಿಳಿ ಹುಡುಗರು. ಅವರ ಕಿವಿಗೆ ಇಳಿಯಬೇಕಾದರೆ ರಾಕ್ ಗಿಟಾರ್ ಬೇಕು, ಸಿಂಥಸೈಜರ್ ಬೇಕು. ಕೀಬೋರ್ಡಿಗೆ ಟೆಕ್ಸಾಸಿನ ಜಾನ್ 'ರ‍್ಯಾಬಿಟ್' ಬಂಡ್ರಿಕ್ ಬಂದ. ಗಿಟಾರ್‌ಗೆ ಸಿಕ್ಕಿದವನು ಅಲಬಾಮಾದ ವೇಯ್ನ್ ಪರ್ಕಿನ್ಸ್. ಬೇಸಿಂಗ್ ಸ್ಟ್ರೀಟ್‌ನ ಐಲ್ಯಾಂಡ್ ಸ್ಟುಡಿಯೋದಲ್ಲಿ ತನ್ನ ಬೇರೇನೋ ಕೆಲಸದಲ್ಲಿದ್ದ ಹುಡುಗ. ರೆಗ್ಗೆ ಗಂಧಗಾಳಿ ಇರಲಿಲ್ಲ.

ಆಲ್ಬಮ್‌ನ ಮೊದಲ ಹಾಡು 'ಕಾಂಕ್ರೀಟ್ ಜಂಗಲ್' ಹಾಕಿದಾಗ ಪರ್ಕಿನ್ಸ್‌ಗೆ ಮೊದಲ ಪೆಟ್ಟು ಎಲ್ಲಿ ಅನ್ನೋದೇ ತಿಳಿಯಲಿಲ್ಲವಂತೆ. ಪಾಪ, ತಪ್ಪು ಅವನದ್ದಲ್ಲ. ರೆಗ್ಗೆಯ 'ಒನ್ ಡ್ರಾಪ್' ನಡೆಯಲ್ಲಿ ಮೊದಲ ಪೆಟ್ಟು ಖಾಲಿ. ದೊಡ್ಡ ಡ್ರಮ್ ಬೀಳೋದು ಮೂರನೆಯದಕ್ಕೆ. ನಮ್ಮ ಕಡೆ ಭಜನೆಯಲ್ಲಿ ತಾಳ ಹಾಕೋರು ಎಲ್ಲಿ ಜೋರಾಗಿ ತಟ್ಟುತ್ತಾರೋ ಅಲ್ಲಿ ಇವರು ಸುಮ್ಮನಿರುತ್ತಾರೆ ಅಂದುಕೊಳ್ಳಿ. ಮೆಟ್ಟಿಲಿದೆ ಅಂತ ಕಾಲಿಟ್ಟರೆ ಮೆಟ್ಟಿಲೇ ಇಲ್ಲ! ಕಾರ್ಲ್‌ಟನ್ ಬ್ಯಾರೆಟ್, ವೇಲರ್ಸ್ ಡ್ರಮ್ಮರ್, ಬಾರಿಸೋದೇ ಹಾಗೆ. ಅಣ್ಣ ಆಸ್ಟನ್ 'ಫ್ಯಾಮಿಲಿ ಮ್ಯಾನ್' ಬ್ಯಾರೆಟ್‌ನ ಬೇಸ್ ಗಿಟಾರ್ ಆ ಖಾಲಿ ಜಾಗದ ಸುತ್ತ ಹಾಡಿನ ಹಾಗೆ ಸುಳಿದಾಡುತ್ತದೆ. ಅಂದ ಹಾಗೆ 'ಕಾಂಕ್ರೀಟ್ ಜಂಗಲ್'ನಲ್ಲಿ ಬೇಸ್ ನುಡಿಸಿದ್ದು ಆಸ್ಟನ್ ಅಲ್ಲ, ಆಗಿನ್ನೂ ಹುಡುಗನಾಗಿದ್ದ ರಾಬಿ ಶೇಕ್ಸ್‌ಪಿಯರ್. ಹೆಸರು ನೋಡಿ ನಗಬೇಡಿ, ಮುಂದೆ ಡ್ರಮ್ಮರ್ ಸ್ಲೈ ಡನ್‌ಬಾರ್ ಜೊತೆ ಸೇರಿ ಜಮೈಕಾದ ಅರ್ಧ ಸಂಗೀತವನ್ನು ಹೆಗಲ ಮೇಲೆ ಹೊತ್ತವನು.

ಬೇಸ್ ಕಡೆ ತಲೆ ಕೆಡಿಸಿಕೊಳ್ಳಬೇಡ, ಉಳಿದದ್ದನ್ನು ಕೇಳಿ ನುಡಿಸು ಅಂತ ಬ್ಲ್ಯಾಕ್‌ವೆಲ್ ಹೇಳಿದನಂತೆ. ಪರ್ಕಿನ್ಸ್ ನುಡಿಸಿದ. ಹಾಡಿನ ನಡುವೆ ಗಿಟಾರ್ ಒಂದೇ ಮೆರೆಯುವ ಆ ಸೋಲೋ ಈಗಲೂ ಮೈ ಜುಮ್ ಅನ್ನಿಸುತ್ತದೆ. ಅಳುತ್ತಾ ಏರಿ ಕೊನೆಗೆ ಒಂದು ಸ್ವರದಲ್ಲಿ ತೂಗಾಡಿ ನಿಲ್ಲುತ್ತದೆ. ಕೆಲವು ವರ್ಷ ಆದಮೇಲೆ ಇದೇ ಹುಡುಗ ರಾಕ್ ತಂಡ ರೋಲಿಂಗ್ ಸ್ಟೋನ್ಸ್‌ನ 'ಬ್ಲ್ಯಾಕ್ ಅಂಡ್ ಬ್ಲೂ' ಆಲ್ಬಮ್‌ನಲ್ಲೂ ನುಡಿಸಿದ.

ಈಗ 2001ರ ಸೆಟ್‌ಗೆ ಬರೋಣ. ಇದರ ಎರಡನೇ ಸಿಡಿಯಲ್ಲಿರೋದು ನಮಗೆಲ್ಲ ಗೊತ್ತಿರುವ ಒಂಬತ್ತು ಹಾಡಿನ ಲಂಡನ್ ಆಲ್ಬಮ್. ಮೊದಲನೇ ಸಿಡಿಯಲ್ಲಿ, ಲಂಡನ್ ಕೈ ತಾಗದ ಜಮೈಕಾ ರೂಪದ ಹನ್ನೊಂದು ಹಾಡು. ಈ ಕ್ರಮವೇ ನನಗೆ ಇಷ್ಟ. ಜಮೈಕಾದ್ದನ್ನು ಕೊನೆಯಲ್ಲಿ ಉಪ್ಪಿನಕಾಯಿ ಹಾಗೆ ಬಡಿಸಿಲ್ಲ. ಮೊದಲು ಸಾರು, ಆಮೇಲೆ ಒಗ್ಗರಣೆ ಹಾಕಿದ ಸಾರು.

ಮೊದಲ ಸಲ ಕೇಳಿದಾಗ ನನಗೆ ಬಂದಿದ್ದು ಸಿಟ್ಟು. 'ಕಾಂಕ್ರೀಟ್ ಜಂಗಲ್' ಶುರುವಾಯಿತು, ಸೋಲೋ ಬರುವ ಜಾಗ ಬಂತು, ಅಲ್ಲಿ ಏನೂ ಇಲ್ಲ! ಡ್ರಮ್, ಬೇಸ್, ಚಕ್ ಚಕ್ ಅನ್ನುವ ಗಿಟಾರ್, ಅಷ್ಟೇ. ಇಷ್ಟು ವರ್ಷ ನಾನು ಕೇಳಿದ್ದು ಕಲಬೆರಕೆ ಮಾಲು ಅನ್ನಿಸಿತು. ಒಂದು ವಾರ ಸಿಕ್ಕವರಿಗೆಲ್ಲ ಅದನ್ನೇ ಹೇಳಿಕೊಂಡು ತಿರುಗಿದೆ. ಅಸಲಿ ಇದು, ನಕಲಿ ಅದು. ಬಿಳಿಯರು ಕೆಡಿಸಿಬಿಟ್ಟರು ನೋಡಿ ಅಂತ. ಇಂಟರ್ನೆಟ್‌ನಲ್ಲಿ ಈಗಲೂ ಜಾಸ್ತಿ ಜನ ಇದನ್ನೇ ಹೇಳುತ್ತಾರೆ.

ಈಗ ನನಗೆ ಹಾಗೆ ಅನ್ನಿಸುವುದಿಲ್ಲ. ಪರ್ಕಿನ್ಸ್ ನುಡಿಸುವಾಗ ಬಾಬ್ ಅಲ್ಲೇ ಇದ್ದ, ಖುಷಿಪಟ್ಟ. ಅವನನ್ನು ಯಾರೂ ಕೈಕಾಲು ಕಟ್ಟಿ ಕೂರಿಸಿರಲಿಲ್ಲ. ಹತ್ತು ವರ್ಷ ಜಮೈಕಾದಲ್ಲಿ ಹಾಡಿ, ಹೆಸರು ಮಾಡಿಯೂ ಕೈಗೆ ಕಾಸು ಬಾರದವನು ಜಗತ್ತಿಗೆ ಕೇಳಿಸಬೇಕು ಅಂತ ಬಯಸಿದರೆ ಅದು ಸೋಲು ಹೇಗಾಗುತ್ತದೆ? ಇನ್ನು 'ಅಸಲಿ' ಅನ್ನೋ ಮಾತು. 'ಸ್ಟರ್ ಇಟ್ ಅಪ್' ಇವರು 1967ರಲ್ಲೇ ಹಾಡಿದ್ದು. '400 ಇಯರ್ಸ್' 1970ರಲ್ಲಿ ನಿರ್ಮಾಪಕ ಲೀ ಪೆರ್ರಿ ಜೊತೆ ಮಾಡಿದ್ದು. 'ಸ್ಟಾಪ್ ದಟ್ ಟ್ರೇನ್' ಇನ್ನೊಬ್ಬ ನಿರ್ಮಾಪಕ ಲೆಸ್ಲಿ ಕಾಂಗ್ ಹತ್ತಿರ ಒಮ್ಮೆ ರೆಕಾರ್ಡ್ ಆಗಿತ್ತು. ಹಾಡನ್ನು ಮತ್ತೆ ಮತ್ತೆ ಬಿಚ್ಚಿ ಹೊಲಿಯೋದೇ ಜಮೈಕಾದ ರೂಢಿ. ಲಂಡನ್ನಿನದ್ದು ಅದರಲ್ಲಿ ಇನ್ನೊಂದು ಹೊಲಿಗೆ.

ಹಾಗಾದರೆ ನನ್ನ ತಕರಾರು ಏನು? ಪರ್ಕಿನ್ಸ್ ಗಿಟಾರ್ ಅಲ್ಲ. ಲಂಡನ್ ರೂಪದಲ್ಲಿ ನನಗೆ ಮಸುಕಾಗಿ ಕಂಡಿದ್ದು ಮೂರು ದನಿ.

ಜಮೈಕಾ ಸಿಡಿಯ 'ಸ್ಲೇವ್ ಡ್ರೈವರ್' ಹೆಡ್‌ಫೋನ್ ಹಾಕಿಕೊಂಡು ಕೇಳಿ. ಆಲ್ಬಮ್ ಹೆಸರು ಬಂದಿದ್ದೇ ಈ ಹಾಡಿನಿಂದ. ಗುಲಾಮರನ್ನು ದುಡಿಸಿದವನಿಗೆ 'ನೀನೀಗ ಸುಟ್ಟುಕೊಳ್ಳುತ್ತೀಯ' ಅನ್ನೋ ಮಾತು. ಚಾಟಿ ಸದ್ದು ಕೇಳಿದಾಗಲೆಲ್ಲ ರಕ್ತ ತಣ್ಣಗಾಗುತ್ತದೆ ಅಂತ ಬಾಬ್ ಹಾಡುತ್ತಾನೆ. ಲಂಡನ್ ರೂಪದಲ್ಲಿ ನಾನು ಬಾಬ್‌ನ ಹಿಂದೆ ಹೋಗುತ್ತಿದ್ದೆ. ಇಲ್ಲಿ ಪಕ್ಕದಲ್ಲೇ ಬನ್ನಿಯ ಎತ್ತರದ ದನಿ, ಕೆಳಗೆ ಪೀಟರ್‌ನ ಗಡಸು ದನಿ. ಇವರು 'ಕೋರಸ್' ಅಲ್ಲ. ಮೂವರು ಒಂದೇ ಜಗಲಿ ಮೇಲೆ ಕೂತು ಹಾಡಿದ ಹಾಗಿದೆ. '400 ಇಯರ್ಸ್'ನಲ್ಲಿ ಪೀಟರ್ ಮುಂದೆ ಬರುತ್ತಾನೆ. ನಾನೂರು ವರ್ಷ ಆಯಿತು, ಬುದ್ಧಿ ಮಾತ್ರ ಅದೇ ಅನ್ನುವ ಅವನ ದನಿಯಲ್ಲಿ ಸಿಹಿ ಅನ್ನೋದು ಒಂದು ಚೂರೂ ಇಲ್ಲ. ಒಂದು ಕ್ಷಣ ಇದು ಪೀಟರ್ ಟಾಶ್ ತಂಡ ಅನ್ನಿಸಿಬಿಡುತ್ತದೆ.

ಮುಂದೆ ಆಗಿದ್ದು ಗೊತ್ತಿರೋದೇ. ಈ ಆಲ್ಬಮ್ ಮೊದಲು ಬಂದಾಗ ವೇಲರ್ಸ್ ಅಂತಷ್ಟೇ ಇತ್ತು. ಆಮೇಲಿನ ಮುದ್ರಣಗಳಲ್ಲಿ 'ಬಾಬ್ ಮಾರ್ಲಿ ಅಂಡ್ ದ ವೇಲರ್ಸ್' ಆಯಿತು. ಅವುಗಳ ಹೊದಿಕೆ ಮೇಲೆ ಎಸ್ತರ್ ಆಂಡರ್ಸನ್ ತೆಗೆದ ಫೋಟೋ, ದಪ್ಪ ಗಾಂಜಾ ಸೇದುತ್ತಿರುವ ಬಾಬ್ ಒಬ್ಬನೇ. ಬ್ಲ್ಯಾಕ್‌ವೆಲ್‌ಗೆ ರಾಕ್ ತಂಡ ಬೇಕಿತ್ತು, ರಾಕ್ ತಂಡಕ್ಕೆ ಒಂದು ಮುಖ ಬೇಕಿತ್ತು. 1973ರಲ್ಲೇ ಬನ್ನಿ ಅಮೆರಿಕ ಪ್ರವಾಸಕ್ಕೆ ಬರಲ್ಲ ಅಂದ. ಅವನ ಜಾಗಕ್ಕೆ, ಇವರಿಗೆಲ್ಲ ಹಾಡೋದು ಕಲಿಸಿದ ಗುರು ಜೋ ಹಿಗ್ಸ್ ಬಂದ. ಮರುವರ್ಷ ಪೀಟರ್ ಕೂಡ ಬಿಟ್ಟ. ಪೀಟರ್ ಕೊನೆವರೆಗೂ ಬ್ಲ್ಯಾಕ್‌ವೆಲ್‌ನನ್ನು 'ವೈಟ್‌ವರ್ಸ್ಟ್' (ಬ್ಲ್ಯಾಕ್‌ಗೆ ವೈಟ್, ವೆಲ್‌ಗೆ ವರ್ಸ್ಟ್) ಅಂತಲೇ ಕರೆದ. ಬಾಬ್ 1981ರಲ್ಲಿ 36ನೇ ವಯಸ್ಸಿಗೆ ಕ್ಯಾನ್ಸರ್‌ನಿಂದ ಹೋದ. 1987ರಲ್ಲಿ ಪೀಟರ್‌ನನ್ನು ಅವನ ಮನೆಯಲ್ಲೇ ಗುಂಡಿಕ್ಕಿ ಕೊಂದರು. ಬನ್ನಿ 2021ರವರೆಗೆ ಇದ್ದ.

ಇಷ್ಟೆಲ್ಲ ಮಾಡಿಯೂ ಆಗ ಆಲ್ಬಮ್ ಅಂಥಾ ಓಡಲಿಲ್ಲ. ಅಮೆರಿಕದ ಬಿಲ್‌ಬೋರ್ಡ್ ಆಲ್ಬಮ್ ಪಟ್ಟಿಯಲ್ಲಿ 171ಕ್ಕಿಂತ ಮೇಲೆ ಹತ್ತಲೇ ಇಲ್ಲ.

ಲಂಡನ್‌ನಲ್ಲಿ ಎರಡು ಹಾಡು ಪೂರ್ತಿ ಬಿಟ್ಟುಹೋದವು. 'ಆಲ್ ಡೇ ಆಲ್ ನೈಟ್' ಬಿಟ್ಟಿದ್ದಕ್ಕೆ ನನಗೆ ಬೇಜಾರಿಲ್ಲ, ಸುಮಾರಾಗಿದೆ. ಆದರೆ 'ಹೈ ಟೈಡ್ ಆರ್ ಲೋ ಟೈಡ್' ಬಿಡೋಕೆ ಹೇಗೆ ಮನಸ್ಸು ಬಂತು? ಉಬ್ಬರವೋ ಇಳಿತವೋ, ನಾನು ನಿನ್ನ ಪಕ್ಕ ಇರ್ತೀನಿ ಅನ್ನೋ ಹಾಡು. 1992ರ ಬಾಕ್ಸ್ ಸೆಟ್ ಒಂದರಲ್ಲಿ ಒಮ್ಮೆ ಹೊರಬಂದಿತ್ತು, ಆದರೆ ತನ್ನ ಒಡಹುಟ್ಟಿದವರ ಜೊತೆ ಕೂತಿದ್ದು ಈ ಸೆಟ್‌ನಲ್ಲೇ. ಮೂವರೂ ಬೇರೆಯಾದ ಕತೆ ಗೊತ್ತಿದ್ದು ಇದನ್ನು ಕೇಳಿದರೆ ಗಂಟಲು ಕಟ್ಟುತ್ತದೆ.

2023ರದ್ದರ ಬಗ್ಗೆ ಎರಡೇ ಮಾತು. ಬೆಲೆ ಜಾಸ್ತಿ. ಆದರೂ ಅದರಲ್ಲಿ 1973ರ ಮೇ ತಿಂಗಳ ಪ್ಯಾರಿಸ್ ಥಿಯೇಟರ್ ಕಾರ್ಯಕ್ರಮ ಇದೆ. ಹೆಸರಷ್ಟೇ ಪ್ಯಾರಿಸ್, ಇದ್ದದ್ದು ಲಂಡನ್‌ನಲ್ಲಿ, ಬಿಬಿಸಿ ಬಳಸುತ್ತಿದ್ದ ಸಭಾಂಗಣ. ಬನ್ನಿ ಇನ್ನೂ ತಂಡ ಬಿಟ್ಟಿರಲಿಲ್ಲ. ಅಲ್ಲಿ ಪರ್ಕಿನ್ಸ್ ಇಲ್ಲ, ರ‍್ಯಾಬಿಟ್ ಇಲ್ಲ. ಒಗ್ಗರಣೆ ಇಲ್ಲದೆಯೂ ಲಂಡನ್ ಜನ ಚಪ್ಪಾಳೆ ಹೊಡೆಯುತ್ತಿದ್ದಾರೆ ಕೇಳಿ!

ಕೊನೆಗೊಂದು ಕೋರಿಕೆ. 1973ರ ಮೊದಲ 20,000 ಪ್ರತಿಗಳ ಹೊದಿಕೆ ಜಿಪ್ಪೋ ಲೈಟರ್ ಆಕಾರದಲ್ಲಿತ್ತು. ಮೇಲಿನ ಮುಚ್ಚಳ ಎತ್ತಿದರೆ ಒಳಗೆ ರಟ್ಟಿನ ಬೆಂಕಿ. ಕೀಲಿಗೆ ರಿವೆಟ್‌ಗಳನ್ನು ಕೈಯಲ್ಲೇ ಹೊಡೆಯಬೇಕಿತ್ತು, ಖರ್ಚು ವಿಪರೀತ ಆಯಿತು, ನಿಲ್ಲಿಸಿಬಿಟ್ಟರು. ನಿಮ್ಮಲ್ಲಿ ಯಾರ ಹತ್ತಿರವಾದರೂ ಕೀಲು ಮುರಿಯದ ಪ್ರತಿ ಇದ್ದರೆ ದಯವಿಟ್ಟು ಕಾಮೆಂಟ್‌ನಲ್ಲಿ ಹೇಳಿ. ಕೊಳ್ಳೋ ಶಕ್ತಿ ನನಗಿಲ್ಲ. ಒಂದು ಸಲ ಮುಚ್ಚಳ ಎತ್ತಿ, ಮುಚ್ಚಿ, ಕಾಫಿ ಕುಡಿದು ಬರ್ತೀನಿ.